ಲೆಕ್ಕಕ್ಕುಂಟು ಆಟಕ್ಕಿಲ್ಲ ಅಂದರೆ ನಾನು ಒಪ್ಪಲ್ಲ: ‘ಗೇಮ್ ಆಫ್ ಥ್ರೋನ್ಸ್’ನ ಶಿರೀನ್

ಕೊಪ್ಪಳ ಬಸ್ ಸ್ಟ್ಯಾಂಡ್ ಹತ್ತಿರ ಒಗ್ಗರಣಿ ಮಿರ್ಚಿ ತಿನ್ನುತ್ತಾ ಕೂತಿದ್ದಾಗ ಈ ಜಗಳ ಶುರುವಾಯಿತು. ನಾವು ಮೂವರು ಗೆಳೆಯರು. ಮೂವರೂ ‘ಗೇಮ್ ಆಫ್ ಥ್ರೋನ್ಸ್’ ಪೂರ್ತಿ ನೋಡಿದವರು. ಯಾರ ಸಾವು ಜಾಸ್ತಿ ನೋವು ಕೊಟ್ಟಿತು ಅಂತ ಮಾತು ಬಂತು. ನಾನು ಶಿರೀನ್ ಅಂದೆ. ಒಬ್ಬ ಗೆಳೆಯ ತಕ್ಷಣ, “ಆ ಹುಡುಗಿ ಇಲ್ದಿದ್ರೂ ಕತಿ ಹಂಗ ನಡೀತಿತ್ತಲೇ, ನಮ್ಮನ್ನ ಅಳ್ಸಾಕ ಇಟ್ಟಾರ ಅಷ್ಟ” ಅಂದುಬಿಟ್ಟ. ಆವತ್ತು ನನಗೆ ಸರಿಯಾಗಿ ಉತ್ತರ ಕೊಡಲು ಆಗಲಿಲ್ಲ. ಮನೆಗೆ ಬಂದು ಮೊದಲಿಂದ ಮತ್ತೆ ನೋಡಲು ಕೂತೆ. 8 ಸೀಸನ್, 73 ಎಪಿಸೋಡ್. ಹೊರಗೆ ಮೇ ತಿಂಗಳ ಬಿಸಿಲಿಗೆ ಗೋಡೆಯೆಲ್ಲ ಕಾದಿರುತ್ತಿತ್ತು, ಒಳಗೆ ಪರದೆ ತುಂಬಾ ಹಿಮ. ನೋಡಿ ಮುಗಿಸಿದ ಮೇಲೆ ಈಗ ನನ್ನ ಹತ್ತಿರ ಉತ್ತರ ಇದೆ. ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಮೊದಲೇ ಹೇಳಿಬಿಡುತ್ತೇನೆ, ಕತೆಯ ಗುಟ್ಟೆಲ್ಲ ಇಲ್ಲಿ ಬರುತ್ತದೆ. ಇನ್ನೂ ನೋಡದವರು ಕೊನೆಯಿಂದ ಎರಡನೆಯ ಪ್ಯಾರಾ ಮಾತ್ರ ಓದಿ.

ಸರಣಿ 2011ರಿಂದ 2019ರವರೆಗೆ ಎಚ್‌ಬಿಒದಲ್ಲಿ ಬಂತು. ಜಾರ್ಜ್ ಆರ್. ಆರ್. ಮಾರ್ಟಿನ್ ಅವರ ಕಾದಂಬರಿಗಳಿಂದ ಮಾಡಿದ್ದು. ಒಂದು ಸಿಂಹಾಸನ, ಅದಕ್ಕೆ ಹೊಡೆದಾಡುವ ಮನೆತನಗಳು, ಉತ್ತರದಿಂದ ಇಳಿದು ಬರುವ ಸತ್ತವರ ಸೈನ್ಯ. ಇದು ಎಲ್ಲರಿಗೂ ಗೊತ್ತಿರುವ ಕತೆ. ಇದರೊಳಗೆ ಸ್ಟಾನಿಸ್ ಬರಾಥಿಯನ್ ಅನ್ನುವ ಒಬ್ಬ ಇದ್ದಾನೆ. ಸತ್ತ ರಾಜನ ತಮ್ಮ. ಸಿಂಹಾಸನ ನನ್ನ ಹಕ್ಕು ಅನ್ನುತ್ತಾನೆ, ನಗುವುದೇ ಇಲ್ಲ. ಅವನ ಒಬ್ಬಳೇ ಮಗಳು ಶಿರೀನ್.

ಅವಳು ಮೊದಲು ಕಾಣಿಸುವುದು 2013ರಲ್ಲಿ ಬಂದ 3ನೇ ಸೀಸನ್‌ನ 5ನೇ ಎಪಿಸೋಡಿನಲ್ಲಿ. ಮುಖದ ಒಂದು ಬದಿಯ ಚರ್ಮ ಕಲ್ಲಿನ ಹಾಗೆ ಬಿರುಕು ಬಿಟ್ಟಿದೆ. ಕೂಸಾಗಿದ್ದಾಗ ಬಂದ ರೋಗ. ಸಾಯಬೇಕಿತ್ತು, ಬದುಕಿಕೊಂಡಳು, ಕಲೆ ಉಳಿಯಿತು. ತಾಯಿ ಸೆಲೀಸ್‌ಗೆ ಅವಳ ಮುಖ ನೋಡಿದರೆ ಆಗುವುದಿಲ್ಲ. ಕೋಣೆಯೊಳಗೆ ಒಬ್ಬಳೇ ಪುಸ್ತಕ ಓದುತ್ತಾ ಬೆಳೆದ ಹುಡುಗಿ. ಪಾತ್ರ ಮಾಡಿದ ಕೆರ್ರಿ ಇಂಗ್ರಾಮ್ ಇದಕ್ಕೂ ಮೊದಲು ಲಂಡನ್ನಿನ ರಂಗದ ಮೇಲೆ ‘ಮಟಿಲ್ಡಾ’ ಆಗಿದ್ದವರು. ಅದೂ ಪುಸ್ತಕದ ಹುಚ್ಚಿರುವ ಹುಡುಗಿಯ ಪಾತ್ರವೇ. ಆ ಪಾತ್ರಕ್ಕೆ 2012ರಲ್ಲಿ ನಾಲ್ಕು ಮಟಿಲ್ಡಾಗಳಿಗೆ ಸೇರಿಸಿ ಒಲಿವಿಯರ್ ಪ್ರಶಸ್ತಿ ಬಂತು, ಅದರಲ್ಲಿ ಇವರೂ ಒಬ್ಬರು.

ಅಪ್ಪನ ನಂಬಿಕಸ್ಥ ಡಾವೋಸ್ ಆಗ ಸೆರೆಮನೆಯಲ್ಲಿದ್ದಾನೆ. ಹಿಂದೆ ಕಳ್ಳಸಾಗಣೆ ಮಾಡುತ್ತಿದ್ದವನು. ಮುತ್ತಿಗೆಗೆ ಸಿಕ್ಕಿ ಹಸಿದಿದ್ದ ಸ್ಟಾನಿಸ್‌ಗೆ ದೋಣಿಯಲ್ಲಿ ಉಳ್ಳಾಗಡ್ಡಿ ತಂದುಕೊಟ್ಟು ಉಳಿಸಿದ್ದ, ಅದಕ್ಕೇ ಅವನಿಗೆ ಉಳ್ಳಾಗಡ್ಡಿ ಸರದಾರ ಅಂತ ಹೆಸರು. ಉಪಕಾರಕ್ಕೆ ಸರದಾರನ ಪಟ್ಟ ಕೊಟ್ಟ ಸ್ಟಾನಿಸ್, ಹಳೆಯ ಕಳ್ಳತನಕ್ಕೆ ಬೆರಳ ತುದಿಗಳನ್ನೂ ಕತ್ತರಿಸಿದ. ಅಂಥ ಮನುಷ್ಯ ಅವನು. ಡಾವೋಸ್‌ನ ಮಗ ಯುದ್ಧದಲ್ಲಿ ಸತ್ತಿದ್ದಾನೆ. ಕೈಯಲ್ಲಿ ಏನೂ ಉಳಿದಿಲ್ಲ. ಅವನು ದ್ರೋಹಿ, ಮರೆತುಬಿಡು ಅಂತ ಅಪ್ಪ ಹೇಳಿದರೂ ಶಿರೀನ್ ರಾತ್ರಿ ಕದ್ದು ಸೆರೆಮನೆಗೆ ಇಳಿದು ಹೋಗುತ್ತಾಳೆ, ಕಂಬಿ ಸಂದಿಯಿಂದ ಒಂದು ಪುಸ್ತಕ ಕೊಡುತ್ತಾಳೆ. ನನಗೆ ಓದಲು ಬರುವುದಿಲ್ಲ ಅನ್ನುತ್ತಾನೆ ಅವನು. ಹಾಗಾದರೆ ನಾನು ಕಲಿಸುತ್ತೇನೆ ಅನ್ನುತ್ತಾಳೆ.

ಈ ದೃಶ್ಯ ನೋಡಿದಾಗ ನನಗೆ ನಮ್ಮ ಅಜ್ಜಿ ನೆನಪಾಗದೆ ಇರುವುದಿಲ್ಲ. ಅಜ್ಜಿ ಹೆಬ್ಬೆಟ್ಟು ಒತ್ತುತ್ತಿದ್ದವರು. ನಾನು ಐದನೇ ಕ್ಲಾಸಿನಲ್ಲಿದ್ದಾಗ ಅವರಿಗೆ ಬಸ್ಸಿನ ಬೋರ್ಡ್ ಓದಲು ಕಲಿಸಿದೆ. ಕುಕನೂರಿಗೆ ಹೋಗಬೇಕಾದವರು ಕುಷ್ಟಗಿ ಬಸ್ ಹತ್ತಿದ್ದರು, ಎರಡಕ್ಕೂ ಮೊದಲು ‘ಕು’ ಇದೆಯಲ್ವಾ, ಅಷ್ಟು ಮಾತ್ರ ಅವರಿಗೆ ಗುರುತು ಸಿಕ್ಕಿತ್ತು. ಆವತ್ತಿಂದ ಸ್ಲೇಟು ಹಿಡಿದು ಕೂರಿಸಿದೆ. ಯಲಬುರ್ಗಾ ಬಂದಾಗ ದೊಡ್ಡ ತೊಂದರೆ. ಅರ್ಕಾವತ್ತು ತೋರಿಸಿ, “ಮದ್ಲ ಅನ್ನೋದನ್ನ ಹಿಂದ ಯಾಕ ಬರೀತಾರ?” ಅಂತ ಕೇಳಿದರು. “ನಾ ಬರ್ದೀನೇನಬೇ, ಹಂಗ ಐತಿ” ಅಂದೆ. ಡಾವೋಸ್‌ನದೂ ಇದೇ ಪಾಡು. ಒಂದು ಕಡೆ ‘ನೈಟ್’ ಅನ್ನುವ ಪದ ಬರುತ್ತದೆ, ಸರದಾರ ಅನ್ನುವ ಅರ್ಥದ್ದು. ಇಂಗ್ಲಿಷಿನಲ್ಲಿ ಅದರೊಳಗೆ ಬಾಯಿಗೆ ಬರದ ಅಕ್ಷರಗಳೇ ಜಾಸ್ತಿ. ಇವನು ಒಂದನ್ನೂ ಬಿಡದೆ ಎಲ್ಲವನ್ನೂ ಉಚ್ಚರಿಸಲು ಹೋಗುತ್ತಾನೆ. ಸ್ವತಃ ಸರದಾರ, ಆ ಪದವೇ ಓದಲು ಬರುತ್ತಿಲ್ಲ. ಶಿರೀನ್ ನಗುತ್ತಾಳೆ, ಆದರೆ ಅವನಿಗೆ ನಾಚಿಕೆಯಾಗುವ ಹಾಗೆ ನಗುವುದಿಲ್ಲ. ದೊಡ್ಡವರಿಗೆ ಅಕ್ಷರ ಕಲಿಸಿದವರಿಗೆ ಇದು ಎಷ್ಟು ಕಷ್ಟದ ಕೆಲಸ ಅಂತ ಗೊತ್ತಿರುತ್ತದೆ.

ಈಗ ಗೆಳೆಯನ ಮಾತಿಗೆ ಬರುತ್ತೇನೆ. ಅವಳಿಲ್ಲದಿದ್ದರೂ ಕತೆ ನಡೆಯುತ್ತಿತ್ತಾ?

3ನೇ ಸೀಸನ್‌ನ ಕೊನೆಯ ಎಪಿಸೋಡ್ ನೋಡಿ. ಡಾವೋಸ್ ಸೆರೆಯಿಂದ ಹೊರಗೆ ಬಂದಿದ್ದಾನೆ. ಓದಲು ಅಭ್ಯಾಸ ಆಗಲಿ ಅಂತ ರಾಜನಿಗೆ ಬಂದ ಕಾಗದಗಳನ್ನು ಇಟ್ಟುಕೊಂಡು ಕೂತಿದ್ದಾನೆ, ಪಕ್ಕದಲ್ಲಿ ಶಿರೀನ್. ಆ ರಾಶಿಯಲ್ಲಿ ಒಂದು ಕಾಗದ ಉತ್ತರದ ಗೋಡೆ ಕಾಯುವವರಿಂದ ಬಂದದ್ದು. ಸತ್ತವರು ಎದ್ದು ಬರುತ್ತಿದ್ದಾರೆ, ಸಹಾಯಕ್ಕೆ ಬನ್ನಿ ಅಂತ. ಅದನ್ನು ಬೇರೆ ಯಾರೂ ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ. ಅವತ್ತೇ ಡಾವೋಸ್ ಬಲಿಗೆ ಇಟ್ಟಿದ್ದ ಗೆಂಡ್ರಿ ಅನ್ನುವ ಹುಡುಗನನ್ನು ದೋಣಿ ಹತ್ತಿಸಿ ಕಳಿಸುತ್ತಾನೆ. ಅದಕ್ಕೆ ಸ್ಟಾನಿಸ್ ಮರಣದಂಡನೆ ಹೇಳುತ್ತಾನೆ. ಆಗ ಡಾವೋಸ್ ತೆಗೆದು ತೋರಿಸುವುದು ಆ ಕಾಗದವನ್ನೇ. ಕೆಂಪು ಸೀರೆಯ ಹಾಗೆ ಮೈತುಂಬಾ ಕೆಂಪು ಹೊದ್ದ ಮಾಟಗಾತಿ ಮೆಲಿಸಾಂಡ್ರೆ ಕೂಡ ನಿಜವಾದ ಯುದ್ಧ ಉತ್ತರದಲ್ಲಿದೆ, ಇವನು ಬೇಕು ಅನ್ನುತ್ತಾಳೆ. ತಲೆ ಉಳಿಯುತ್ತದೆ. ಓದಲು ಕಲಿತು ಇನ್ನೂ ಎಷ್ಟು ದಿನ ಆಗಿರಲಿಲ್ಲ ಅವನಿಗೆ!

ಅಲ್ಲಿಗೇ ನಿಲ್ಲುವುದಿಲ್ಲ. 4ನೇ ಸೀಸನ್‌ನ 3ನೇ ಎಪಿಸೋಡಿನಲ್ಲಿ ಇಬ್ಬರೂ ಮತ್ತೆ ಪಾಠಕ್ಕೆ ಕೂತಿರುತ್ತಾರೆ, ಪುಸ್ತಕದಲ್ಲಿ ಬ್ರಾವೋಸ್ ಊರಿನ ಮಾತು ಬರುತ್ತದೆ. ಆ ಊರಿನಲ್ಲಿ ಸಾಲ ಕೊಡುವ ದೊಡ್ಡ ಬ್ಯಾಂಕ್ ಇದೆ ಅಂತ ಡಾವೋಸ್‌ಗೆ ಹೊಳೆಯುತ್ತದೆ. ರಾಜನ ಹೆಸರಿನಲ್ಲಿ ಅಲ್ಲಿಗೆ ಕಾಗದ ಬರೆಯಲು ಅವನು ಕೇಳುವುದು ಶಿರೀನ್‌ಳನ್ನು. ಸಾಲ ಸಿಗುತ್ತದೆ. ಆ ದುಡ್ಡಿನಿಂದ ಹಡಗು, ಜನ. ಸೀಸನ್‌ನ ಕೊನೆಯಲ್ಲಿ ಒಂದು ಲಕ್ಷ ಕಾಡುಜನ ಗೋಡೆಯ ಆಚೆ ನಿಂತಿದ್ದಾಗ, ಗೋಡೆ ಕಾಯುವವರಲ್ಲಿ ಒಬ್ಬನಾದ ಕತೆಯ ನಾಯಕ ಜಾನ್ ಸ್ನೋ ಒಬ್ಬನೇ ಅವರ ಡೇರೆಯೊಳಗೆ ಸಾವಿಗೆ ಸಿದ್ಧನಾಗಿ ಕೂತಿದ್ದಾಗ, ಕಾಡಿನ ಎರಡೂ ಕಡೆಯಿಂದ ಕುದುರೆ ಸೈನ್ಯ ನುಗ್ಗುತ್ತದಲ್ಲ, ಅದು ಸ್ಟಾನಿಸ್‌ನ ಸೈನ್ಯ. ಅದು ಅಲ್ಲಿಗೆ ಹೋಗಿದ್ದು ಒಂದು ಕಾಗದ ಓದಿದ್ದಕ್ಕೆ, ಒಂದು ಕಾಗದ ಬರೆದಿದ್ದಕ್ಕೆ. ಎರಡೂ ಈ ಹುಡುಗಿಯ ಪಾಠದ ಮೇಜಿನ ಮೇಲೆ ಆಗಿದ್ದು. ಜಾನ್ ಅಲ್ಲೇ ಸತ್ತಿದ್ದರೆ ಮುಂದಿನ ನಾಲ್ಕು ಸೀಸನ್ ಎಲ್ಲಿಂದ ಬರಬೇಕು?

ಕಾದಂಬರಿಯಲ್ಲಿ ಇದು ಹೀಗಿಲ್ಲ. ಅಲ್ಲಿ ಡಾವೋಸ್‌ಗೆ ಓದಲು ಕಲಿಸುವುದು ಪೈಲೋಸ್ ಅನ್ನುವ ಪಂಡಿತ. ಟಿವಿಯವರು ಬೇಕೆಂದೇ ಆ ಕೆಲಸವನ್ನು ಶಿರೀನ್‌ಗೆ ಕೊಟ್ಟಿದ್ದಾರೆ. ಇಷ್ಟು ದೊಡ್ಡ ಸರಣಿಯಲ್ಲಿ ನನಗೆ ಅತ್ಯಂತ ಇಷ್ಟವಾದ ಬದಲಾವಣೆ ಇದು. ಸುಮ್ನೆ ಅಳಿಸಲು ಇಟ್ಟ ಪಾತ್ರ ಆಗಿದ್ದರೆ ಇಷ್ಟು ಕಷ್ಟ ಯಾಕೆ ಪಡಬೇಕಿತ್ತು?

ಎರಡನೆಯ ಶಿಷ್ಯೆ ಗಿಲ್ಲಿ. ಇವಳನ್ನು ನಾನು ಮೊದಲ ಸಲ ನೋಡಿದಾಗ ಗಮನಿಸಿಯೇ ಇರಲಿಲ್ಲ. ಗೋಡೆಯ ಆಚೆ ಕಾಡಿನಲ್ಲಿ ಹುಟ್ಟಿದವಳು, ಅಕ್ಷರದ ಗಂಧವೇ ಇಲ್ಲ. 5ನೇ ಸೀಸನ್‌ನ 2ನೇ ಎಪಿಸೋಡಿನಲ್ಲಿ ಶಿರೀನ್ ಅವಳ ಪಕ್ಕ ಕೂತು ಅಕ್ಷರ ತಿದ್ದಿಸುತ್ತಾಳೆ. ರಾಣಿ ಬಂದು ಈ ಕಾಡುಜನರ ಜೊತೆ ಏನು ಕೆಲಸ ಅಂತ ಮಗಳನ್ನು ಗದರುತ್ತಾಳೆ. ಈಗ ನೇರವಾಗಿ 7ನೇ ಸೀಸನ್‌ನ 5ನೇ ಎಪಿಸೋಡಿಗೆ ಬನ್ನಿ, 2017. ಗಿಲ್ಲಿ ಒಂದು ಹಳೆಯ ದಿನಚರಿ ಓದುತ್ತಾ ಕೂತಿದ್ದಾಳೆ. ಜಾನ್‌ನ ಅಪ್ಪ, ರಾಜಕುಮಾರ ರೇಗಾರ್‌ನ ಹೆಸರನ್ನು ತಪ್ಪಾಗಿ ಓದುತ್ತಾಳೆ. ಅವನ ಮೊದಲ ಮದುವೆ ರದ್ದು ಮಾಡಿ, ಗುಟ್ಟಾಗಿ ಇನ್ನೊಂದು ಮದುವೆ ಮಾಡಿಸಿದರು ಅಂತ ಅದರಲ್ಲಿ ಬರೆದಿದೆ. ಜಾನ್ ಸ್ನೋ ಹಾದರಕ್ಕೆ ಹುಟ್ಟಿದವನಲ್ಲ, ಸಿಂಹಾಸನದ ನಿಜವಾದ ವಾರಸುದಾರ ಅನ್ನುವುದಕ್ಕೆ ಇರುವ ಕಾಗದದ ಸಾಕ್ಷಿ ಇದೊಂದೇ. ಅದನ್ನು ಓದಿದವಳು ಇವಳು. ಅಕ್ಷರ ತಿದ್ದಿಸಿದವಳು ಸುಟ್ಟು ಬೂದಿಯಾಗಿ ಎರಡು ಸೀಸನ್ ಆಗಿತ್ತು. ಅವಳ ಸಂಗಾತಿ ಸ್ಯಾಮ್ ಕೂಡ ಗಿಲ್ಲಿಗೆ ಕಲಿಸಿದ್ದಾನೆ, ಇಲ್ಲ ಅನ್ನುವುದಿಲ್ಲ. ಆದರೆ ರಾಜಕುಮಾರಿಯೊಬ್ಬಳು ಕಾಡಿನ ಹುಡುಗಿಯ ಪಕ್ಕ ಕೂತು ಅಕ್ಷರ ತೋರಿಸುವ ಆ ಚಿಕ್ಕ ದೃಶ್ಯ ನನಗೆ ಆಮೇಲೆ ಬೇರೆಯೇ ತೂಕದ್ದಾಗಿ ಕಂಡಿತು.

ಸಾವಿನ ಬಗ್ಗೆ ಹೇಳಲೇಬೇಕು. 5ನೇ ಸೀಸನ್‌ನ 9ನೇ ಎಪಿಸೋಡ್, 2015ರ ಜೂನ್ 7. ಹಿಮದಲ್ಲಿ ಸೈನ್ಯ ಸಿಕ್ಕಿಬಿದ್ದಿದೆ, ಶತ್ರುಗಳು ರಾತ್ರಿ ಬಂದು ಆಹಾರಕ್ಕೆ ಬೆಂಕಿ ಇಟ್ಟು ಹೋಗಿದ್ದಾರೆ. ರಾಜರಕ್ತದ ಬಲಿ ಕೊಟ್ಟರೆ ದಾರಿ ಬಿಡುತ್ತದೆ ಅನ್ನುತ್ತಾಳೆ ಮೆಲಿಸಾಂಡ್ರೆ. ಸ್ಟಾನಿಸ್ ಮೊದಲು ಡಾವೋಸ್‌ನನ್ನು ಸಾಮಾನು ತರುವ ನೆಪದಲ್ಲಿ ದೂರ ಕಳಿಸುತ್ತಾನೆ. ಹುಡುಗಿಯನ್ನು ನನ್ನ ಜೊತೆ ಕಳಿಸಿ ಅಂತ ಡಾವೋಸ್ ಕೇಳಿದರೂ ಬಿಡುವುದಿಲ್ಲ. ಆಮೇಲೆ ಮಗಳ ಡೇರೆಗೆ ಹೋಗಿ ಏನು ಓದುತ್ತಿದ್ದೀಯಾ ಅಂತ ಕೇಳುತ್ತಾನೆ. ನಾನು ನಿಮಗೆ ಸಹಾಯ ಮಾಡಬೇಕು ಅನ್ನುತ್ತಾಳೆ ಅವಳು, ಏನಂತ ಗೊತ್ತಿಲ್ಲದೆ. ಕಟ್ಟಿಗೆ ಹೊತ್ತಿಕೊಂಡ ಮೇಲೆ ಕ್ಯಾಮೆರಾ ಜಾಸ್ತಿ ಹೊತ್ತು ಅಪ್ಪ ಅಮ್ಮನ ಮುಖದ ಮೇಲೇ ಇರುತ್ತದೆ, ನಮಗೆ ಕೇಳಿಸುವುದು ಹುಡುಗಿಯ ದನಿ. ಇಷ್ಟು ದಿನ ಮಗಳನ್ನು ಮುಟ್ಟದ ತಾಯಿ ಆಗ ಓಡುತ್ತಾಳೆ. ಸೈನಿಕರು ಹಿಡಿದುಕೊಳ್ಳುತ್ತಾರೆ. ನಾನು ಎರಡನೇ ಸಲವೂ ಇದನ್ನು ಪೂರ್ತಿ ನೋಡಲು ಆಗದೆ ಎದ್ದು ಅಂಗಳಕ್ಕೆ ಹೋದೆ.

ನಮಗೆ ಈ ಕತೆ ಹೊಸದಲ್ಲ. ಕೆರೆ ಕಟ್ಟಿಸಿದ ಗೌಡ, ನೀರು ಬರಲಿಲ್ಲ ಅಂತ ಕಿರಿ ಸೊಸೆ ಭಾಗೀರಥಿಯನ್ನು ಕೆರೆಗೆ ಕೊಟ್ಟ ಹಾಡನ್ನು ನಾವೆಲ್ಲ ಶಾಲೆಯಲ್ಲಿ ಕೇಳಿದವರೇ. ಅಲ್ಲೂ ಅವಳನ್ನು ಉಳಿಸಬಹುದಾಗಿದ್ದ ಒಬ್ಬನೇ ಒಬ್ಬ, ಗಂಡ ಮಾದೇವರಾಯ, ದಂಡಿನಲ್ಲಿ ದೂರ ಇದ್ದ. ಇಲ್ಲಿ ಡಾವೋಸ್ ದೂರ ಇದ್ದಾನೆ. ಅಲ್ಲಿ ನೀರು ಬಂತು, ಇಲ್ಲಿ ಹಿಮ ಕರಗಿತು. ನನಗೆ ಮೈ ಜುಮ್ ಅಂದಿದ್ದು ಅಲ್ಲೇ, ಎರಡು ಕಡೆಯೂ ಬಲಿ ಫಲ ಕೊಟ್ಟುಬಿಡುತ್ತದೆ. ಆದರೆ ಮುಂದಿನ ಎಪಿಸೋಡಿನಲ್ಲಿ ಬೆಳಗಾಗುವ ಹೊತ್ತಿಗೆ ಅರ್ಧ ಸೈನ್ಯ ಕುದುರೆ ಸಮೇತ ಓಡಿಹೋಗಿದೆ. ಮಗಳನ್ನು ಸುಟ್ಟವನ ಹಿಂದೆ ಯಾರು ನಿಲ್ಲುತ್ತಾರೆ? ರಾಣಿ ಮರಕ್ಕೆ ನೇಣು ಹಾಕಿಕೊಂಡಿದ್ದಾಳೆ. ಮಾಟಗಾತಿಯೂ ಹೊರಟು ಹೋಗುತ್ತಾಳೆ. ಸ್ಟಾನಿಸ್ ಸೋತು, ಮರಕ್ಕೆ ಒರಗಿ, ಬ್ರಿಯೆನ್ ಅನ್ನುವ ಯೋಧೆಯ ಕತ್ತಿಗೆ ಸಾಯುತ್ತಾನೆ. ಭಾಗೀರಥಿಯ ಗಂಡ ಬಂದು ಅದೇ ಕೆರೆಗೆ ಹಾರಿದ. ಡಾವೋಸ್ ಹಾರುವುದಿಲ್ಲ, ಬದುಕಿ ಲೆಕ್ಕ ಕೇಳುತ್ತಾನೆ.

ಲೆಕ್ಕ ಕೇಳುವುದು ಒಂದು ಮರದ ಜಿಂಕೆಯಿಂದ. ಹೊರಡುವ ಮುಂಚೆ ತಾನೇ ಕೆತ್ತಿದ ಜಿಂಕೆ ಅವಳಿಗೆ ಕೊಟ್ಟಿರುತ್ತಾನೆ, ಅದು ಅವರ ಮನೆತನದ ಗುರುತು. ನಮ್ಮ ಕಿನ್ನಾಳದ ಚಿತ್ರಗಾರರು ಹಗುರವಾದ ಪೊಳಕಿ ಮರದಲ್ಲಿ ಗೊಂಬೆ ಮಾಡುವುದನ್ನು ಚಿಕ್ಕಂದಿನಿಂದ ನೋಡಿದ್ದೇನೆ. ಕೆತ್ತಿ, ಹುಣಸೆ ಬೀಜದ ಅಂಟು ಹಚ್ಚಿ, ಬಣ್ಣ ಹಾಕಿ, ಮಗುವಿನ ಕೈಗೆ ಬರುವ ಹೊತ್ತಿಗೆ ಎಷ್ಟು ದಿನ ಬೇಕು ಅಂತ ಗೊತ್ತು. ತುದಿ ಇಲ್ಲದ ಬೆರಳುಗಳಲ್ಲಿ ಡಾವೋಸ್ ಆ ಜಿಂಕೆ ಕೆತ್ತಿದ್ದಾನೆ. 6ನೇ ಸೀಸನ್‌ನ 9ನೇ ಎಪಿಸೋಡಿನಲ್ಲಿ, ದೊಡ್ಡ ಯುದ್ಧದ ಹಿಂದಿನ ರಾತ್ರಿ, ಬೂದಿಯ ರಾಶಿಯಲ್ಲಿ ಅದು ಅವನಿಗೆ ಕರಕಲಾಗಿ ಸಿಗುತ್ತದೆ. ಮುಂದಿನ ಎಪಿಸೋಡಿನಲ್ಲಿ ಅದನ್ನು ಮೆಲಿಸಾಂಡ್ರೆಯ ಕಡೆಗೆ ಎಸೆದು, ಜಾನ್ ಮುಂದೆಯೇ ನಿಜ ಹೇಳಿಸುತ್ತಾನೆ. ಲಿಯಾಮ್ ಕನಿಂಗ್‌ಹ್ಯಾಮ್ ಇಡೀ ಸರಣಿಯಲ್ಲಿ ಅತಿ ಚೆನ್ನಾಗಿ ನಟಿಸಿದ್ದು ಇಲ್ಲಿ. ದನಿ ಒಡೆಯುತ್ತದೆ, ಆದರೂ ಕೂಗುವುದನ್ನು ನಿಲ್ಲಿಸುವುದಿಲ್ಲ.

ಇನ್ನು ದೂರು. ಮೊದಲನೆಯದು ಅವಸರ. 5ನೇ ಸೀಸನ್‌ನ 4ನೇ ಎಪಿಸೋಡಿನಲ್ಲಿ ಸ್ಟಾನಿಸ್ ಮಗಳಿಗೆ ಹಳೆಯದನ್ನು ಹೇಳುತ್ತಾನೆ. ಅವಳಿಗಾಗಿ ಕೊಂಡ ಗೊಂಬೆಯಿಂದ ರೋಗ ಬಂದಿದ್ದು, ಎಲ್ಲರೂ ಕೈಬಿಡು ಅಂದರೂ ತಾನು ಸಿಕ್ಕ ಸಿಕ್ಕ ವೈದ್ಯರನ್ನೆಲ್ಲ ಕರೆಸಿದ್ದು. ಹುಡುಗಿ ಓಡಿ ಬಂದು ಅಪ್ಪಿಕೊಳ್ಳುತ್ತಾಳೆ. 7ನೇ ಎಪಿಸೋಡಿನಲ್ಲಿ ಬಲಿಯ ಮಾತು ಬಂದಾಗ ಮಾಟಗಾತಿಯನ್ನು ಸಿಟ್ಟಿನಿಂದ ಹೊರಗೆ ಹಾಕುತ್ತಾನೆ. 9ರಲ್ಲಿ ಸುಟ್ಟುಬಿಡುತ್ತಾನೆ. ನಡುವೆ ಅವನ ಮನಸ್ಸಿನಲ್ಲಿ ಏನಾಯಿತು ಅಂತ ತೋರಿಸಲು ಇನ್ನೂ ಒಂದು ಎಪಿಸೋಡ್ ಬೇಕಿತ್ತು. ಸೈನ್ಯದ ಹಸಿವು ನಮಗೆ ತಟ್ಟುವುದೇ ಇಲ್ಲ.

ಎರಡನೆಯ ದೂರು ಇದಕ್ಕಿಂತ ದೊಡ್ಡದು. ಸರಣಿ ಅವಳನ್ನು ಸತ್ತವಳಾಗಿ ಮಾತ್ರ ನೆನಪಿಟ್ಟುಕೊಂಡಿತು. 8ನೇ ಸೀಸನ್‌ನ 2ನೇ ಎಪಿಸೋಡಿನಲ್ಲಿ ಮುಖದ ಮೇಲೆ ಕಲೆ ಇರುವ ಒಂದು ಪುಟ್ಟ ಹುಡುಗಿ ಸೂಪಿಗೆ ಸಾಲಿನಲ್ಲಿ ಬರುತ್ತಾಳೆ, ಡಾವೋಸ್ ಮತ್ತು ಗಿಲ್ಲಿ ಇಬ್ಬರೂ ಅಲ್ಲೇ ಇದ್ದಾರೆ, ಇಬ್ಬರೂ ಶಿರೀನ್‌ಳ ಶಿಷ್ಯರು! ಅವಳು ನನಗೂ ಅಕ್ಷರ ಕಲಿಸಿದ್ದಳು ಅಂತ ಒಬ್ಬರು ಇನ್ನೊಬ್ಬರಿಗೆ ಒಂದು ಮಾತು ಹೇಳಿದ್ದರೆ ಸಾಕಿತ್ತು. ಬರೆಯುವವರಿಗೆ ಅದು ಹೊಳೆಯಲಿಲ್ಲ. ನನ್ನ ಗೆಳೆಯ ಅವಳನ್ನು ಅಳಿಸುವ ಪಾತ್ರ ಅಂದಿದ್ದಕ್ಕೆ ಅರ್ಧ ಕಾರಣ ಇವರೇ.

ಒಂದೇ ಒಂದು ಕಡೆ, ಬೇಕೆಂದು ಮಾಡಿದರೋ ಏನೋ, ಅವಳ ಪಾಠ ಕಾಣಿಸುತ್ತದೆ. 7ನೇ ಸೀಸನ್‌ನ 4ನೇ ಎಪಿಸೋಡ್. ಕಡಿಮೆ ಅನ್ನಲು ಇಂಗ್ಲಿಷಿನಲ್ಲಿ ಎಣಿಸುವುದಕ್ಕೆ ಒಂದು ಪದ (ಫ್ಯೂವರ್), ಅಳೆಯುವುದಕ್ಕೆ ಇನ್ನೊಂದು (ಲೆಸ್). ಜಾನ್ ಸೈನಿಕರ ಲೆಕ್ಕ ಹೇಳುವಾಗ ತಪ್ಪು ಪದ ಹಾಕುತ್ತಾನೆ. ಪಕ್ಕದಲ್ಲಿದ್ದ ಡಾವೋಸ್ ಮೆಲ್ಲಗೆ ತಿದ್ದುತ್ತಾನೆ. ಹೀಗೆ ತಿದ್ದುವುದು ಸ್ಟಾನಿಸ್‌ನ ಚಾಳಿ, ಹಿಂದೆ ಇದೇ ಪದವನ್ನು ಅವನು ತಿದ್ದಿದ್ದ. ಅಪ್ಪನ ವ್ಯಾಕರಣ, ಮಗಳ ಅಕ್ಷರ, ಎರಡೂ ಆ ಹೆಬ್ಬೆಟ್ಟಿನ ಮನುಷ್ಯನ ಬಾಯಲ್ಲಿ ಉಳಿದಿವೆ.

ನೋಡಬೇಕಾ ಅಂತ ಕೇಳಿದರೆ, ನೋಡಿ. ಮೊದಲ ನಾಲ್ಕು ಸೀಸನ್‌ಗೆ ನಾನು ಹತ್ತಕ್ಕೆ ಒಂಬತ್ತು ಕೊಡುತ್ತೇನೆ, ಕೊನೆಯ ಎರಡಕ್ಕೆ ಐದರ ಮೇಲೆ ಕೊಡಲಾರೆ. ಮಕ್ಕಳ ಜೊತೆ ಕೂತು ನೋಡುವ ಸರಣಿ ಅಲ್ಲವೇ ಅಲ್ಲ, ಹಿರಿಯರ ಜೊತೆಗೂ ಬೇಡ. ಇಂಗ್ಲಿಷ್ ವೇಗ ಜಾಸ್ತಿ ಅನ್ನಿಸಿದರೆ ಸಬ್‌ಟೈಟಲ್ ಹಾಕಿಕೊಳ್ಳಿ, ನಾನು ಮೊದಲ ಸಲ ಹಾಗೇ ನೋಡಿದ್ದು. ಹೆಸರುಗಳು ಗೊಂದಲ ಮಾಡುತ್ತವೆ, ಒಂದು ಸೀಸನ್ ತಾಳ್ಮೆ ಬೇಕು.

ಈಗಾಗಲೇ ನೋಡಿದವರು ಶಿರೀನ್‌ಗಾಗಿ ಮಾತ್ರ ಮತ್ತೆ ನೋಡುವುದಾದರೆ 3ನೇ ಸೀಸನ್‌ನ 5 ಮತ್ತು 10, 4ನೇ ಸೀಸನ್‌ನ 3, 5ನೇ ಸೀಸನ್‌ನ 2 ಮತ್ತು 4 ನೋಡಿ. 9ನ್ನು ಬಿಟ್ಟರೂ ನಡೆಯುತ್ತದೆ. ಕೊನೆಗೆ 7ನೇ ಸೀಸನ್‌ನ 5ನೆಯದು. ಗಿಲ್ಲಿ ದಿನಚರಿ ಓದುವಾಗ ಸೌಂಡ್ ಸ್ವಲ್ಪ ಜಾಸ್ತಿ ಇಟ್ಟುಕೊಳ್ಳಿ, ಅವಳು ಮುಖ್ಯವಾದ ಸಾಲಿಗೆ ಬಂದಾಗಲೇ ಸ್ಯಾಮ್ ನಡುವೆ ಬಾಯಿ ಹಾಕುತ್ತಾನೆ.